ಕಾಪುವಿನಿಂದ ಬಂದ ಪೋಯಿ

ನನ್ನ ಬಾಯಿ ದೊಡ್ಡದು. ಇದನ್ನು ನಾನೇ ಹೇಳಬೇಕಾಗಿಲ್ಲ, ಮಣಿಪಾಲದ ನಮ್ಮ ಆಫೀಸಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕಾರ್ಕಳದಿಂದ ಹೊರಡುವ ಬೆಳಗಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಾನು ಫೋನಿನಲ್ಲಿ ಮಾತಾಡತೊಡಗಿದರೆ ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ನೋಡುತ್ತಾನೆ. ಆದರೆ ಈ ದೊಡ್ಡ ಬಾಯಿಯೇ ನನ್ನ ಕೆಲಸದ ಅರ್ಧ ಭಾಗ ಎಂದರೆ ಹೊರಗಿನವರು ನಂಬುವುದಿಲ್ಲ. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸಕ್ಕೆ ಬಾಯಿ ಎಂತಕ್ಕೆ ಎಂದು ಕೇಳುತ್ತಾರೆ. ಅದನ್ನೇ ಹೇಳಲು ಹೊರಟಿದ್ದೇನೆ.

ನಾನು ಮೇನ್‌ಫ್ರೇಮ್ ನೋಡಿಕೊಳ್ಳುವವಳು. ದೊಡ್ಡ ಸಂಸ್ಥೆಗಳ ಲೆಕ್ಕಾಚಾರವನ್ನೆಲ್ಲ ಒಂದೇ ಮೈಯಲ್ಲಿ ಹೊತ್ತುಕೊಂಡಿರುವ ಭಾರೀ ಕಂಪ್ಯೂಟರಿಗೆ ಮೇನ್‌ಫ್ರೇಮ್ ಎನ್ನುತ್ತಾರೆ. ನಮ್ಮದು ಒಂದು ವಿಮಾ ಸಂಸ್ಥೆಯ ಯಂತ್ರ. ಅದು ಇರುವುದು ಯಾವುದೋ ದೂರದ ಊರಿನ ತಂಪು ಕೋಣೆಯಲ್ಲಿ. ಇಷ್ಟು ವರ್ಷ ಅದರ ಜತೆ ಸಂಸಾರ ಮಾಡಿದ್ದೇನೆ, ಮುಖ ಮಾತ್ರ ನೋಡಿಲ್ಲ. ಅದು ಮಾಡುವ ಒಂದೊಂದು ಕೆಲಸಕ್ಕೂ ಜಾಬ್ ಎನ್ನುತ್ತೇವೆ. ಒಂದು ಜಾಬ್ ಕಂತುಗಳನ್ನು ಕೂಡಿಸುತ್ತದೆ, ಇನ್ನೊಂದು ಆಸ್ಪತ್ರೆ ಸೇರಿದವರ ಕ್ಲೇಮುಗಳನ್ನು ಮುಂದಕ್ಕೆ ಕಳಿಸುತ್ತದೆ. ಯಾವುದು ಓಡಬೇಕು, ಯಾವುದು ಸಿಕ್ಕಿಹಾಕಿಕೊಂಡಿದೆ, ಯಾವುದನ್ನು ನಿಲ್ಲಿಸಬೇಕು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ ಅಪ್ಪಣೆ ಕೊಡುವುದು ನಾವು.

ಅಪ್ಪಣೆ ಕೊಡುವುದು ಕಪ್ಪು ಪರದೆಯಲ್ಲಿ. ಕಪ್ಪು ಹಿನ್ನೆಲೆ, ಹಸಿರು ಅಕ್ಷರ, ಅಷ್ಟೇ. ಚಿತ್ರ ಇಲ್ಲ, ಬಣ್ಣ ಇಲ್ಲ, ಮೌಸ್ ಬೇಕಾಗಿಲ್ಲ. ಟೈಪ್ ಮಾಡಬೇಕು, ಎಂಟರ್ ಒತ್ತಬೇಕು. ನೀವು ಎಂಟರ್ ಒತ್ತುವವರೆಗೆ ಆ ಪರದೆಯ ಮೇಲೆ ಒಂದು ಚುಕ್ಕಿಯೂ ಅಲ್ಲಾಡುವುದಿಲ್ಲ. ಚಹಾ ಕುಡಿದು ಬನ್ನಿ, ಇದ್ದದ್ದು ಇದ್ದ ಹಾಗೆಯೇ ಇರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜಾಬುಗಳ ಹೆಸರು ಒಂದಕ್ಕೊಂದು ಅವಳಿಜವಳಿಯ ಹಾಗೆ. ಕೊನೆಯ ಒಂದಕ್ಷರ ಬೇರೆ, ಉಳಿದದ್ದೆಲ್ಲ ಒಂದೇ. ಒಂದನ್ನು ನಿಲ್ಲಿಸಲು ಹೋಗಿ ಇನ್ನೊಂದನ್ನು ನಿಲ್ಲಿಸಿದರೆ ಎಲ್ಲೋ ಯಾರದೋ ಮನೆಯವರು ಆಸ್ಪತ್ರೆಯ ಕೌಂಟರಿನಲ್ಲಿ ತಲೆಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ. ಇದಕ್ಕಾಗಿ ನಮ್ಮ ಕೋಣೆಯಲ್ಲಿ ಒಂದು ಪದ್ಧತಿ ಉಂಟು. ಅದನ್ನು ಶುರು ಮಾಡಿದವಳು ನನ್ನ ಪಕ್ಕದ ಕುರ್ಚಿಯವಳು, ಕಾಪುವಿನವಳು. ನಮ್ಮಲ್ಲಿ ಜನರನ್ನು ಊರಿನಿಂದ ಗುರುತಿಸುವುದೇ ರೂಢಿ. ಅವಳು ಕಾಪು, ನಾನು ಕಾರ್ಕಳ ಪಕ್ಕದ ಕುಕ್ಕುಂದೂರು. ಇನ್ನೊಬ್ಬರು ಹಿರಿಯರು ಉಚ್ಚಿಲದವರು. ಮ್ಯಾನೇಜರ್ ನಮಗಿಂತ ಚಿಕ್ಕವರು, ಬನ್ನಂಜೆಯವರು.

ಕಾಪುವಿನವಳ ಅಪ್ಪ ಉಡುಪಿ ಪಡುಬಿದ್ರಿ ನಡುವೆ ಓಡುವ ಸರ್ವಿಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ನಮ್ಮ ಕಡೆಯ ಬಸ್ಸುಗಳಲ್ಲಿ ಕಂಡಕ್ಟರ್ ಸೀಟಿ ಊದಿ 'ರೈಟ್, ಪೋಯಿ' ಎನ್ನದೆ ಗಾಡಿ ಅಲ್ಲಾಡುವುದಿಲ್ಲ. ಪೋಯಿ ಎಂದರೆ ತುಳುವಿನಲ್ಲಿ ಹೋಗೋಣ ಎಂದು. ಮುಂದೆ ಕೂತ ಡ್ರೈವರಿಗೆ ಹಿಂದಿನ ಬಾಗಿಲು ಕಾಣುವುದಿಲ್ಲ, ಯಾರ ಸೆರಗು ಸಿಕ್ಕಿದೆ, ಯಾರ ಕಾಲು ಇನ್ನೂ ನೆಲದ ಮೇಲೆ ಉಂಟು ಎಂದು ನೋಡುವವನು ಹಿಂದೆ ಇರಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವಳು ಈ ಕಾನೂನನ್ನು ನಮ್ಮ ಕೋಣೆಗೆ ತಂದಳು. ಜಾಬ್ ನಿಲ್ಲಿಸುವ ಮೊದಲು ಅದರ ಹೆಸರನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಬೇಕು. ಪಕ್ಕದವರು ಕೇಳಿಸಿಕೊಂಡು, ಸರಿ ಕಂಡರೆ 'ಪೋಯಿ' ಎನ್ನಬೇಕು. ಆಮೇಲೆ ಎಂಟರ್.

ನಾನು ಬೊಬ್ಬೆ ಹಾಕುವುದು, ಅವಳು ಪೋಯಿ ಎನ್ನುವುದು. ಅವಳು ಓದುವುದು, ನಾನು ಪೋಯಿ ಎನ್ನುವುದು. ವರ್ಷಗಟ್ಟಲೆ ಹೀಗೆಯೇ ನಡೆದು ನಮ್ಮ ಕೈಯಲ್ಲಿ ಒಂದೂ ಜಾಬ್ ಹಾಳಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳು ಪ್ರತಿ ಆಯುಧಪೂಜೆಗೂ ಕೀಬೋರ್ಡಿನ ಪಕ್ಕದಲ್ಲಿ ಅವರ ಹಿತ್ತಾಳೆಯ ಸೀಟಿಯನ್ನಿಟ್ಟು ಅದಕ್ಕೊಂದು ಸೇವಂತಿಗೆ ಹೂ ಇಡುತ್ತಿದ್ದಳು. ಒಮ್ಮೆಯಾದರೂ ಊದು ಮಾರಾಯ್ತಿ ಎಂದರೆ, ಇದು ಆಫೀಸು, ಬಸ್‌ಸ್ಟ್ಯಾಂಡ್ ಅಲ್ಲ ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಹೀಗಿರುವಾಗ ಅವಳ ಬೆನ್ನು ಕೈಕೊಟ್ಟಿತು. ಬೆನ್ನುಮೂಳೆಯ ಡಿಸ್ಕ್ ಜಾರಿ, ಆಪರೇಷನ್ ಆಗಿ, ಮನೆಯಲ್ಲಿ ಮಲಗುವ ಹಾಗಾಯಿತು. ಸ್ವಲ್ಪ ಸ್ವಲ್ಪ ಹೊತ್ತು ಕೂರಬಹುದು, ಮನೆಯೊಳಗೆ ನಡೆಯಬಹುದು, ಆದರೆ ಬಸ್ಸಿನ ಕುಲುಕಾಟ ಬೇಡವೇ ಬೇಡ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಬಸ್ಸಿನಲ್ಲೇ ಬದುಕು ಕಟ್ಟಿದವರ ಮಗಳಿಗೆ ಬಸ್ಸೇ ಬೇಡವಾಯಿತು ನೋಡಿ. ಅವಳ ಕುರ್ಚಿ ಖಾಲಿ ಬಿತ್ತು. ಪೋಯಿ ಎನ್ನಲು ಉಚ್ಚಿಲದವರು ಇದ್ದರು, ಆದರೆ ಅವರ ಪೋಯಿಯಲ್ಲಿ ಉಪ್ಪು ಹುಳಿ ಏನೂ ಇರಲಿಲ್ಲ.

ಅದೇ ಸಮಯಕ್ಕೆ ಸರಿಯಾಗಿ ಬಂತು ವೆಬ್ ಟೂಲ್. ಇನ್ನು ಮೇಲೆ ಕಪ್ಪು ಪರದೆ ಬೇಡ, ಮೇನ್‌ಫ್ರೇಮನ್ನೂ ಬ್ರೌಸರಿನಲ್ಲೇ ನೋಡಬಹುದು, ಮೊಬೈಲಿನಲ್ಲಿ ಕರೆಂಟ್ ಬಿಲ್ ಕಟ್ಟಿದಷ್ಟೇ ಸುಲಭ ಎಂದು ಮಾರಲು ಬಂದವರು ಹೇಳಿದರು. ಅವರು ಬೆಂಗಳೂರಿನವರು, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಗೋಡೆಯ ಮೇಲೆ ತೋರಿಸಿದರು. ಹಸಿರು ಗುಂಡಿ, ಕೆಂಪು ಗುಂಡಿ, ತಿರುಗುವ ಚಕ್ರ. ನಾನು ಮೂಗು ಮುರಿದೆ.

ಮ್ಯಾನೇಜರ್ ನಮ್ಮೆಲ್ಲರನ್ನು ಕೂರಿಸಿಕೊಂಡು ಒಬ್ಬೊಬ್ಬರ ಅಭಿಪ್ರಾಯ ಕೇಳಿದರು. ಹೊಸದಾಗಿ ಸೇರಿದ ಹುಡುಗಿಯರು ಕಪ್ಪು ಪರದೆ ಕಂಡರೇ ಹೆದರಿಕೆ, ಎಲ್ಲಿ ಮುಟ್ಟುವುದು ಎಂದೇ ಗೊತ್ತಾಗುವುದಿಲ್ಲ, ಟೂಲ್ ಬರಲಿ ಎಂದರು. ಉಚ್ಚಿಲದವರು ಕನ್ನಡಕ ತೆಗೆದು ಒರೆಸಿದರು.

"ನನಗೆ ರಿಟೈರ್ ಆಗ್ಲಿಕ್ಕೆ ಬಂತು ಮಾರಾಯ್ರೇ. ಇನ್ನು ಈ ಮೌಸ್ ಹಿಡ್ಕೊಂಡು ಎಂತ ಮಾಡುದು? ಬೇಡ."

"ಮೇಡಂ, ನೀವು?" ಎಂದು ಮ್ಯಾನೇಜರ್ ನನ್ನ ಕಡೆ ತಿರುಗಿದರು.

"ಇದು ಟೂಲ್ ಅಲ್ಲ, ಬಣ್ಣದ ಸಂತೆ," ಎಂದೆ. "ನಮಗೆ ಟೂಲ್ ಬೇಕಾದದ್ದು ಯಂತ್ರ ನೋಡ್ಲಿಕ್ಕೆ ಅಲ್ವಾ? ಚಂದ ನೋಡ್ಲಿಕ್ಕೆ ಅಲ್ಲ. ಕೈ ತಾಗಿದ್ರೆ ಜಾಬ್ ನಿಲ್ತದೆ ಅಂದ್ರೆ ಅದೆಂತ ಮಕ್ಕಳಾಟಿಕೆಯಾ? ನನ್ನ ಕಡೆಯಿಂದ ಬೇಡ, ನೂರು ಸಲ ಬೇಡ."

ನನ್ನ ದನಿ ಕೆಳಗಿನ ಕ್ಯಾಂಟೀನಿಗೂ ಕೇಳಿರಬೇಕು. ಎಲ್ಲರೂ ಎದ್ದು ಹೋದ ಮೇಲೆ ಮ್ಯಾನೇಜರ್ ಬಾಗಿಲು ಎಳೆದುಕೊಂಡು ಮೆಲ್ಲ ಹೇಳಿದರು.

"ಮೇಡಂ, ಕಾಪುವಿನವರ ರಜೆ ಈ ತಿಂಗಳಿಗೆ ಮುಗೀತದೆ. ಮೇಲಿನವರು ಹೇಳಿಯಾಗಿದೆ, ಒಂದೋ ಕೋಣೆಗೆ ಬಂದು ಕೂರಬೇಕು, ಇಲ್ಲದಿದ್ರೆ ಕೆಲಸ ಬಿಡಬೇಕು. ಕಪ್ಪು ಪರದೆಯನ್ನು ಈ ಕೋಣೆಯಿಂದ ಹೊರಗೆ ತೆರೀಲಿಕ್ಕೆ ಅವರು ಬಿಡುದಿಲ್ಲ, ನಿಮಗೆ ಗೊತ್ತುಂಟು. ಈ ಟೂಲಿಗಾದ್ರೆ ಮನೆಯಿಂದ ಬರುವ ದಾರಿ ಅವರೇ ಮಾಡಿಕೊಡ್ತಾರೆ. ಟೂಲ್ ಬಂದ್ರೆ ಅವರು ಕಾಪುವಿನಲ್ಲೇ ಕೂತು ಕೆಲಸ ಮಾಡಬಹುದು. ನಿಮ್ಮಷ್ಟು ಹಳಬರು ಬೇಡ ಅಂದ ಮೇಲೆ ನಾನು ಮೇಲಿನವರಿಗೆ ಎಂತ ಹೇಳಲಿ?"

ಇದನ್ನು ಮೊದಲೇ ಹೇಳಬಾರದಿತ್ತಾ ಎಂದು ಅವರ ಮೇಲೆ ಹಾರಿದೆ. ಮೊದಲೇ ಹೇಳಿದ್ದರೆ ನಿಮ್ಮ ನಿಜವಾದ ಅಭಿಪ್ರಾಯ ಬರುತ್ತಿರಲಿಲ್ಲ ಎಂದರು. ಬನ್ನಂಜೆಯವರು ನೋಡಲು ಮೆದು, ಒಳಗೆ ಗಟ್ಟಿ.

ಆ ಶನಿವಾರ ಮಧ್ಯಾಹ್ನ ಕಾಪುವಿಗೆ ಹೋದೆ. ಅವಳು ಮೊಣಕಾಲಿನ ಕೆಳಗೆ ತಲೆದಿಂಬು ಇಟ್ಟುಕೊಂಡು ಮಂಚದ ಮೇಲೆ ಅಂಗಾತ ಮಲಗಿದ್ದಳು. ಕಿಟಕಿಯಿಂದ ಸಮುದ್ರದ ಗಾಳಿ ಬಂದು ಕ್ಯಾಲೆಂಡರನ್ನು ಪಟಪಟ ಬಡಿಯುತ್ತಿತ್ತು. ಅವಳ ಅಮ್ಮ ನನ್ನನ್ನು ಕಂಡದ್ದೇ ನೀರುದೋಸೆ ಮತ್ತು ಬಂಗುಡೆ ಮೀನಿನ ಗಸಿ ಬಡಿಸಿ, "ನೀನು ಬಂದದ್ದು ಒಳ್ಳೇದಾಯ್ತು ಮಗಾ, ಇವಳು ಗೋಡೆ ಹತ್ರ ಮಾತಾಡ್ಲಿಕ್ಕೆ ಶುರು ಮಾಡಿದ್ದಾಳೆ," ಎಂದರು. ಆ ಮನೆ ನಡೆಯುತ್ತಿದ್ದದ್ದು ಅವಳ ದುಡಿಮೆಯಿಂದಲೇ. ಆದರೆ ಅವಳ ಕಣ್ಣಿನಲ್ಲಿ ನಾನು ಕಂಡದ್ದು ಆ ಚಿಂತೆಯಲ್ಲ. ಕೆಲಸ ಬಲ್ಲವರನ್ನು ಕೆಲಸದಿಂದ ದೂರ ಕೂರಿಸಿದರೆ ಮುಖ ಹೇಗಾಗುತ್ತದೆಯೋ ಹಾಗಾಗಿತ್ತು ಅವಳ ಮುಖ.

"ನೀನು ಟೂಲ್ ಬೇಡ ಅಂದಿಯಂತೆ," ಎಂದಳು.

"ಯಾರು ಹೇಳಿದ್ದು?"

"ಯಾರು ಹೇಳುದು? ನಿನ್ನ ದನಿ ಇಲ್ಲಿವರೆಗೆ ಕೇಳಿತು ಮಾರಾಯ್ತಿ."

ನಗಲಾಗಲಿಲ್ಲ. "ನನಗೆ ವಿಷಯ ಗೊತ್ತಿರ್ಲಿಲ್ಲ ಮಾರಾಯ್ತಿ. ಸೋಮವಾರ ಹೋಗಿ ಹೌದು ಅಂತ ಹೇಳ್ತೇನೆ," ಎಂದೆ.

ಅವಳು ಎದ್ದು ಕೂರಲು ನೋಡಿ, ನೋವಾಗಿ, ಮತ್ತೆ ಮಲಗಿದಳು. "ಎಂತ ಹೌದು? ನನ್ನ ಬೆನ್ನು ನೋಡಿ ಹೌದು ಅನ್ನುದಾ? ನಾಳೆ ಜಾಬ್ ಲಗಾಡಿ ಹೋಗಿ ಯಾರದ್ದೋ ಕ್ಲೇಮ್ ನಿಂತ್ರೆ ಆ ಪಾಪ ನನ್ನ ಬೆನ್ನಿಗೆ ಕಟ್ತೀಯಾ? ಆಸ್ಪತ್ರೆಯಲ್ಲಿ ನಾನೇ ಕ್ಲೇಮಿಗೆ ಕಾದು ಕೂತವಳು, ನನಗೆ ಗೊತ್ತುಂಟು. ಟೂಲ್ ಸರಿ ಉಂಟು ಅಂತ ನಿನಗೆ ಕಂಡ್ರೆ ಮಾತ್ರ ಹೌದು ಅನ್ನು. ಸರಿ ಇಲ್ಲದಿದ್ರೆ ಬೇಡ ಅಂತ ಬೊಬ್ಬೆ ಹಾಕು, ಯಾವಾಗಿನ ಹಾಗೆ."

"ನೀನು ಕೆಲಸ ಬಿಟ್ಟು ಎಂತ ಮಾಡ್ತಿ?"

"ಗೋಡೆ ಹತ್ರ ಮಾತಾಡ್ತೇನೆ."

ಉಡುಪಿಯಲ್ಲಿ ಬಸ್ಸು ಬದಲಿಸಿ ಕಾರ್ಕಳದ ಬಸ್ಸು ಹತ್ತಿದೆ. ಪರ್ಕಳ ದಾಟಿ ಹಿರಿಯಡ್ಕದವರೆಗೂ ಅತ್ತೆ. ದುಃಖಕ್ಕಿಂತ ಹೆಚ್ಚು ಸಿಟ್ಟಿಗೆ ಅತ್ತೆ. ನನಗೆ ಸುಳ್ಳು ಹೇಳಲೂ ಬಿಡದ ಗೆಳತಿಯ ಮೇಲೆ ಸಿಟ್ಟು, ಆ ಬಣ್ಣದ ಸಂತೆಯ ಮೇಲೆ ಸಿಟ್ಟು, ನಮ್ಮ ದರಿದ್ರ ರಸ್ತೆಗಳ ಮೇಲೆ ಸಿಟ್ಟು. ಪಕ್ಕದಲ್ಲಿ ಕೂತ ಹೆಂಗಸು ಏನೂ ಕೇಳದೆ ಒಂದು ಪೆಪ್ಪರ್‌ಮಿಂಟ್ ಕೊಟ್ಟಳು.

ಸೋಮವಾರದಿಂದ ಹಟಕ್ಕೆ ಬಿದ್ದು ಆ ಟೂಲನ್ನು ಕಲಿತೆ. ಬೈಯುವುದಾದರೆ ತಿಳಿದುಕೊಂಡೇ ಬೈಯಬೇಕು. ಬೈಯಲು ಬೇಕಾದಷ್ಟು ಸಿಕ್ಕಿತು. ಕಪ್ಪು ಪರದೆಯಲ್ಲಿ ನನ್ನ ಬೆರಳುಗಳು ಕಣ್ಣಿಗಿಂತ ಮುಂದೆ ಓಡುತ್ತವೆ. ಇಲ್ಲಿ ಬಾಣದ ಗುರುತನ್ನು ಎಳೆದುಕೊಂಡು ಹೋಗಿ ಗುಂಡಿಯ ಮೇಲೆ ಕೂರಿಸುವಷ್ಟರಲ್ಲಿ ಒಂದು ನಿದ್ದೆ ಆಗುತ್ತದೆ. ಆದರೆ ಸುಳ್ಳು ಯಾಕೆ ಹೇಳಬೇಕು, ಮೆಚ್ಚಲೂ ಸಿಕ್ಕಿತು. ಕಪ್ಪು ಪರದೆಯಲ್ಲಿ ಒಂದು ಜಾಬ್ ಯಾಕೆ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿಯಲು ಪರದೆಯ ಮೇಲೆ ಪರದೆ ದಾಟಿ ಹೋಗಬೇಕು. ಇಲ್ಲಿ ಹೆಸರನ್ನು ಮುಟ್ಟಿದರೆ ಕಾರಣ ಪಕ್ಕದಲ್ಲೇ ಬಂದು ಕೂರುತ್ತದೆ. ಹೊಸ ಹುಡುಗಿಯರು ತಿಂಗಳುಗಟ್ಟಲೆ ತಡಕಾಡುತ್ತಿದ್ದದ್ದನ್ನು ಒಂದು ವಾರದಲ್ಲಿ ಹಿಡಿದರು. ಮತ್ತೆ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ನನ್ನ ಕನ್ನಡಕದ ನಂಬರು ಏರಿದ್ದನ್ನು ಯಾರಿಗೂ ಹೇಳದೆ ಕಣ್ಣು ಕಿರಿದು ಮಾಡಿ ಕಾಲ ಹಾಕುತ್ತಿದ್ದ ನನಗೆ ಅದೊಂದು ದೊಡ್ಡ ಉಪಕಾರವಾಗಿತ್ತು. ನಾನು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೇ.

ಪರೀಕ್ಷೆಯ ದಿನ ಬಂತು. ನಿಜವಾದ ಯಂತ್ರದ ಮೇಲಲ್ಲ, ಪ್ರಯೋಗಕ್ಕೆಂದೇ ಇಟ್ಟ ಅದರ ನಕಲಿನ ಮೇಲೆ. ಮಾರುವವರು ಬಂದಿದ್ದರು, ಮ್ಯಾನೇಜರ್ ಪಕ್ಕದಲ್ಲಿ ನಿಂತಿದ್ದರು. ಕಾಪುವಿನವಳು ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಫೋನಿನಲ್ಲಿ ಜತೆಗಿದ್ದಳು. ಆ ಫೋನನ್ನು ನಾನು ಸ್ಪೀಕರಿಗೆ ಹಾಕಿ ಅವಳ ಖಾಲಿ ಕುರ್ಚಿಯ ಮೇಲೆಯೇ ಇಟ್ಟಿದ್ದೆ.

ಸಿಕ್ಕಿಹಾಕಿಕೊಂಡ ಒಂದು ಜಾಬನ್ನು ನಿಲ್ಲಿಸಬೇಕಿತ್ತು. ಪಟ್ಟಿಯಲ್ಲಿ ಅದನ್ನು ಹುಡುಕಿ, ಅದರ ಸಾಲಿನಲ್ಲಿದ್ದ ಕೆಂಪು ಗುಂಡಿಯ ಮೇಲೆ ಬಾಣ ಇಟ್ಟೆ. ರೂಢಿಯಂತೆ ಹೆಸರನ್ನು ಗಟ್ಟಿಯಾಗಿ ಓದಿ, ರೂಢಿಯಂತೆ ಪಕ್ಕದ ಕುರ್ಚಿಯ ಕಡೆ ತಿರುಗಿದೆ. ಫೋನಿನಿಂದ ಅವಳ ದನಿ ಬಂತು, "ಪೋಯಿ." ಎಷ್ಟು ದಿನವಾಗಿತ್ತು ಅದನ್ನು ಕೇಳದೆ! ಆ ಖುಷಿಯಲ್ಲಿ, ಕುರ್ಚಿಯ ಕಡೆ ನೋಡುತ್ತಲೇ, ಒತ್ತಿದೆ.

ನಿಂತದ್ದು ಬೇರೆ ಜಾಬ್.

ಆ ಪಟ್ಟಿ ತನ್ನಷ್ಟಕ್ಕೆ ಹೊಸದಾಗುತ್ತಾ ಇರುತ್ತದೆ. ನಾನು ತಿರುಗಿದ ಗಳಿಗೆಯಲ್ಲಿ ಮೇಲೆ ಹೊಸ ಜಾಬೊಂದು ಬಂದು ಕೂತು ಉಳಿದವೆಲ್ಲ ಒಂದೊಂದು ಸಾಲು ಕೆಳಗೆ ಜಾರಿದ್ದವು. ನನ್ನ ಬಾಣ ಇದ್ದಲ್ಲೇ ಇತ್ತು, ಅದರ ಕೆಳಗಿನ ಜಾಬ್ ಬದಲಾಗಿತ್ತು. ಕಪ್ಪು ಪರದೆಯಲ್ಲಿ ಏನೂ ಅಲ್ಲಾಡುವುದಿಲ್ಲ ಎಂದು ನಾನು ಹೇಳಿದ್ದು ಇದಕ್ಕೇ. ತಪ್ಪಾಗದಿರಲಿ ಎಂದು ಮಾಡಿಕೊಂಡ ಪದ್ಧತಿಯೇ ನನ್ನ ಕೈಯಲ್ಲಿ ತಪ್ಪು ಮಾಡಿಸಿತ್ತು.

"ಮೇಡಂ, ನೀವು ಓದ್ತಾ, ತಿರುಗ್ತಾ, ಕಾಯ್ತಾ ಕೂತ್ರೆ ಹೀಗೇ ಆಗೋದು," ಎಂದರು ಮಾರುವವರು. "ನೋಡಿ, ಕ್ಲಿಕ್ ಮಾಡಿ, ಮುಗೀತು. ಎಲ್ಲಾ ಕಡೆ ಹಾಗೇ ಮಾಡ್ತಾರೆ. ಈ ಕೂಗಾಟ ಎಲ್ಲಾ ಯಾಕೆ?"

"ನಾನು ಮೊದಲೇ ಬೇಡ ಅಂತ ಹೇಳಿದ್ದೆ," ಎಂದರು ಉಚ್ಚಿಲದವರು.

ಮ್ಯಾನೇಜರ್ ಮುಖ ಬಾಡಿತು. ಮೇಲಿನವರಿಗೆ ಏನು ಹೇಳಬೇಕು ಎಂದು ಅವರು ಯೋಚಿಸುತ್ತಿದ್ದದ್ದು ಕಾಣುತ್ತಿತ್ತು. ಆಗ ಕುರ್ಚಿಯ ಮೇಲಿನ ಫೋನು ಮಾತಾಡಿತು.

"ಬೇರೆ ನಿಂತಿತಲ್ವಾ?" ಎಂದಳು ಅವಳು. ದನಿ ಒಂದಿಷ್ಟೂ ನಡುಗಲಿಲ್ಲ. "ಸರಿ. ಹಾಗಾದ್ರೆ ಬೇಡ ಅಂತ ಹೇಳು. ನಾನು ಹೇಳಿದ್ದೆ ಅಲ್ವಾ?"

ನನ್ನ ಪಿತ್ತ ನೆತ್ತಿಗೇರಿತು. ತನ್ನ ಕೆಲಸವನ್ನು ತಾನೇ ಬಿಟ್ಟುಕೊಡುತ್ತಿದ್ದಾಳೆ ಇವಳು, ನಾನು ನೋಡುತ್ತಾ ಕೂರಬೇಕಂತೆ!

"ನೀನು ಸುಮ್ನಿರು," ಎಂದು ಫೋನಿಗೆ ಗದರಿದೆ. ಆಮೇಲೆ ಮಾರುವವರ ಕಡೆ ತಿರುಗಿದೆ. "ನೀವು ನಮ್ಮೂರಿನ ಬಸ್ಸು ಹತ್ತಿದ್ದೀರಾ? ಹೊಸ ಬಸ್ಸು ಬಂತು ಅಂತ ಯಾರಾದ್ರೂ ಕಂಡಕ್ಟರನ್ನು ಇಳಿಸ್ತಾರಾ? ನಮ್ಮ ಕೂಗಾಟ ಬಿಡುವ ಪ್ರಶ್ನೆಯೇ ಇಲ್ಲ. ನಿಮ್ಮ ಟೂಲ್ ಕಾಯಬೇಕು. ನಾನು ಒಂದು ಜಾಬ್ ಆರಿಸಿದ ಮೇಲೆ ಅದು ಜಾರಬಾರದು. ಇನ್ನೊಬ್ಬರು ನೋಡಿ ಹೂಂ ಅನ್ನದೆ ಹೋಗಬಾರದು. ಆಗ್ತದಾ, ಇಲ್ವಾ? ಅಷ್ಟು ಹೇಳಿ."

ಅವರು ಕತ್ತು ಕೆರೆದುಕೊಂಡರು. "ಅದು... ಇದೆ ಮೇಡಂ."

"ಎಂತ ಉಂಟು?"

"ಎರಡನೇ ಒಪ್ಪಿಗೆ ಅಂತ ಒಂದು ಸೌಲಭ್ಯ ಇದೆ. ನೀವು ಆರಿಸಿದ್ದು ಹಾಗೇ ನಿಲ್ಲುತ್ತೆ, ಇನ್ನೊಬ್ಬರ ಪರದೆಗೆ ಹೋಗುತ್ತೆ, ಅವರು ಒತ್ತಿದ್ರೆ ಮಾತ್ರ ನಡೆಯುತ್ತೆ. ಆದ್ರೆ ನಿಧಾನ ಆಗುತ್ತೆ ಅಂತ ಯಾರೂ ಇಷ್ಟಪಡಲ್ಲ. ಅದಕ್ಕೆ ನಾವೇ ಆಫ್ ಮಾಡಿ ಕೊಡ್ತೀವಿ."

"ಉಂಟಾ?" ಎಂದು ನಾನು ಎದ್ದು ನಿಂತದ್ದಕ್ಕೆ ನನ್ನ ಕುರ್ಚಿ ಹಿಂದಕ್ಕೆ ಉರುಳಿ ಗೋಡೆಗೆ ಬಡಿಯಿತು. "ಇಷ್ಟು ದೊಡ್ಡ ಸಂಗತಿಯನ್ನು ಜೇಬಲ್ಲಿ ಇಟ್ಕೊಂಡು ನಮಗೆ ತಿರುಗುವ ಚಕ್ರ ತೋರಿಸಿದ್ದಾ ನೀವು? ಅಯ್ಯೋ ದೇವರೇ! ಆನ್ ಮಾಡಿ ಮಾರಾಯ್ರೇ. ನಿಧಾನ ಆದ್ರೆ ಆಗಲಿ, ಇಲ್ಲಿ ಯಾರಿಗೂ ರೈಲು ತಪ್ಪುದಿಲ್ಲ."

ಫೋನಿನಲ್ಲಿ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿತು. ಅವಳ ಅಮ್ಮ ಇರಬೇಕು.

ಮಾರುವವರು ಮರುದಿನಕ್ಕೆ ಅದನ್ನು ಸಿದ್ಧ ಮಾಡಿದರು. ಮತ್ತೆ ಎಲ್ಲರೂ ಸೇರಿದೆವು, ಮತ್ತೆ ಫೋನು ಕುರ್ಚಿಯ ಮೇಲೆ. ಈ ಸಲ ನಾನು ಯಾರಿಗೂ ಹೇಳದೆ ಒಂದು ಕೆಲಸ ಮಾಡಿದೆ, ಅವಳಿಗೂ ಹೇಳಲಿಲ್ಲ. ಒಂದು ಜಾಬಿನ ಹೆಸರನ್ನು ಗಟ್ಟಿಯಾಗಿ ಓದಿದೆ, ಆರಿಸಿದ್ದು ಅದರ ಅವಳಿಯನ್ನು, ಕೊನೆಯ ಅಕ್ಷರ ಮಾತ್ರ ಬೇರೆ ಇದ್ದದ್ದನ್ನು. ಅವಳು ಅಭ್ಯಾಸಬಲದಿಂದ ಪೋಯಿ ಎಂದುಬಿಟ್ಟರೆ ಟೂಲೂ ಹೋಯಿತು, ಅವಳ ಕೆಲಸವೂ ಹೋಯಿತು, ಹೋಗುವ ಹಾಗೆ ಮಾಡಿದವಳು ನಾನೇ ಆಗುತ್ತಿದ್ದೆ. ಆದರೆ ಹೌದು ಎನ್ನುವುದಾದರೆ ಸರಿ ಉಂಟೆಂದು ತಿಳಿದೇ ಅನ್ನು ಎಂದವಳು ಅವಳೇ ಅಲ್ಲವೇ. ಸುಲಭದ ಪರೀಕ್ಷೆ ಮಾಡಿ ಗೆಲ್ಲಿಸಿದರೆ ಅದು ಅವಳಿಗೂ ಬೇಕಾಗಿರಲಿಲ್ಲ.

ಫೋನಿನಲ್ಲಿ ಕಾಪುವಿನ ಮನೆಯ ಕ್ಯಾಲೆಂಡರು ಗಾಳಿಗೆ ಬಡಿಯುವುದು ಕೇಳುತ್ತಿತ್ತು. ಹೊಸ ಹುಡುಗಿಯರು ಉಸಿರು ಬಿಡದೆ ನಿಂತಿದ್ದರು.

"ತಡಿ," ಎಂದಳು ಅವಳು.

"ನೀನು ಓದಿದ್ದು ಒಂದು, ಇಲ್ಲಿ ಬಂದದ್ದು ಇನ್ನೊಂದು. ಕೊನೆಯ ಅಕ್ಷರ ನೋಡು. ಕಣ್ಣು ಎಲ್ಲಿ ಇಟ್ಟಿದ್ದೀ ಮಾರಾಯ್ತಿ? ಮಂಡೆ ಉಂಟಾ ನಿನಗೆ? ಪೋಯಿ ಇಲ್ಲ, ಎಂತದೂ ಇಲ್ಲ. ಹಿಂದೆ ತೆಗೆ ಅದನ್ನು!"

ನಾನು ಕೈ ತಟ್ಟಿ ನಕ್ಕುಬಿಟ್ಟೆ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ತುಳುವಿನಲ್ಲಿ ನನ್ನನ್ನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

"ಈಗ ನನ್ನ ಅಭಿಪ್ರಾಯ ಕೇಳಿ," ಎಂದೆ ಮ್ಯಾನೇಜರಿಗೆ. ಯಾರೂ ಕೇಳಿರಲಿಲ್ಲ, ಆದರೂ ಹೇಳಿದೆ. "ಇಷ್ಟು ವರ್ಷ ಅವಳು ನನ್ನ ಪಕ್ಕದಲ್ಲಿ ಕೂತು ಪೋಯಿ ಅಂದದ್ದು ನಾನು ಓದಿದ್ದನ್ನು ಕೇಳಿ. ನಾನು ಟೈಪ್ ಮಾಡಿದ್ದು ಅವಳಿಗೆ ಅಲ್ಲಿಂದ ಕಾಣ್ತಿರ್ಲಿಲ್ಲ. ಬಾಯಲ್ಲಿ ಸರಿ ಓದಿ ಕೈಯಲ್ಲಿ ತಪ್ಪು ಹೊಡೆದಿದ್ರೆ ನಮ್ಮನ್ನು ದೇವರೇ ಕಾಪಾಡಬೇಕಿತ್ತು. ಈಗ ಅವಳು ಕೇಳುದೂ ಉಂಟು, ನೋಡುದೂ ಉಂಟು. ಕಪ್ಪು ಪರದೆಯಲ್ಲಿ ಇದು ಇರ್ಲಿಲ್ಲ. ನನ್ನ ಕಡೆಯಿಂದ ಹೌದು. ಈ ಎರಡನೇ ಒಪ್ಪಿಗೆ ಯಾವತ್ತೂ ಆಫ್ ಆಗಬಾರದು, ಆ ಕಡೆ ಅವಳೇ ಕೂರಬೇಕು. ಇದಾದ್ರೆ ಮಾತ್ರ ಹೌದು."

ಉಚ್ಚಿಲದವರು ಕನ್ನಡಕ ಒರೆಸಿ, ಹಾಕಿಕೊಂಡು, ಪರದೆಯ ಹತ್ತಿರ ಬಂದು ಬಗ್ಗಿ ನೋಡಿದರು. "ಕಂಡಕ್ಟರ್ ಉಂಟು ಅಂತಾದ್ರೆ ನಾನೂ ಹತ್ತುತ್ತೇನೆ," ಎಂದರು. ಮ್ಯಾನೇಜರ್ ಅಲ್ಲೇ ನಿಂತು ಮೇಲಿನವರಿಗೆ ಫೋನು ಮಾಡಿದರು. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಹೆಮ್ಮೆಯಲ್ಲಿ ಮಾತಾಡಿದರು. ಫೋನಿಟ್ಟು ನನ್ನ ಕಡೆ ಹೆಬ್ಬೆರಳು ಎತ್ತಿ ತೋರಿಸಿದಾಗ ಹುಡುಗಿಯರು ಚಪ್ಪಾಳೆ ಹೊಡೆದರು. ನಾನು ಕುರ್ಚಿಯ ಮೇಲಿನ ಫೋನನ್ನು ಎತ್ತಿ, "ಕೇಳಿತಾ?" ಎಂದೆ. "ಕೇಳಿತು," ಎಂದಳು.

ಕೊನೆಗೆ ಮಾರುವವರು ಇನ್ನೊಂದು ಪ್ರಶ್ನೆ ಕೇಳಿದರು. ಒಪ್ಪಿಗೆಯ ಗುಂಡಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಇತ್ತು, ಅದನ್ನು ಬೇಕಾದ ಹಾಗೆ ಬದಲಿಸಬಹುದಂತೆ. ಏನು ಹಾಕಲಿ ಎಂದರು. ನಾವು ಯಾರೂ ಬಾಯಿ ತೆರೆಯುವ ಮೊದಲೇ ಕಾಪುವಿನಿಂದ ಉತ್ತರ ಬಂತು.

"ಪೋಯಿ ಅಂತ ಹಾಕಿ."

"ಹಾಗಂದ್ರೆ ಏನು ಮೇಡಂ?"

ಉಚ್ಚಿಲದವರು ಅವರ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋದರು, ಚಹಾ ಕುಡಿಸುತ್ತಾ ವಿವರಿಸಲು. ಬೇಗ ಬರಲಿಲ್ಲ. ಬಸ್ಸಿನ ಇಡೀ ಚರಿತ್ರೆಯನ್ನೇ ಹೇಳಿರಬೇಕು.

ನಿಜವಾದ ಯಂತ್ರದ ಮೇಲೆ ಟೂಲನ್ನು ಶುರು ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ. ಮ್ಯಾನೇಜರ್ ಮನೆಯಿಂದ ಬಿಸಿ ಬನ್ಸ್ ಕಟ್ಟಿಸಿಕೊಂಡು ಬಂದಿದ್ದರು. ಕೋಣೆಯಲ್ಲಿ ಮದುವೆಮನೆಯ ಗಮ್ಮತ್ತು. ನಾನು ಹೊಸ ಸೀರೆ ಉಟ್ಟಿದ್ದೆ, ಯಾಕೆಂದು ಕೇಳಿದವರಿಗೆ ಸುಮ್ಮನೆ ಎಂದೆ. ಪಕ್ಕದ ಕುರ್ಚಿಯನ್ನು ಯಾರೂ ಬೇರೆಡೆಗೆ ಎಳೆಯದ ಹಾಗೆ ಅದರ ಮೇಲೆ ನನ್ನ ಬ್ಯಾಗ್ ಇಟ್ಟಿದ್ದೆ, ಬ್ಯಾಗಿನ ಮೇಲೆ ಫೋನು.

ಮೊದಲ ಅಪ್ಪಣೆ ನನ್ನದು. ಜಾಬನ್ನು ಆರಿಸಿದೆ. ಪಟ್ಟಿ ಅಲ್ಲೇ ನಿಂತಿತು, ಒಂದು ಚುಕ್ಕಿಯೂ ಅಲ್ಲಾಡಲಿಲ್ಲ. ಎದೆ ತುಂಬ ಉಸಿರು ಎಳೆದುಕೊಂಡು ಹೆಸರನ್ನು ಓದಿದೆ. ಇಡೀ ಮಹಡಿಗೆ ಕೇಳುವ ಹಾಗೆ ಅಕ್ಷರ ಅಕ್ಷರವಾಗಿ ಓದಿದೆ. ಆಮೇಲೆ ಕುರ್ಚಿಯ ಕಡೆ ತಿರುಗಿದೆ.

ಪೋಯಿ ಬರಲಿಲ್ಲ. ಬದಲಿಗೆ ಸೀಟಿ ಬಂತು. ಹಿತ್ತಾಳೆಯ ಸೀಟಿ, ಅವಳ ಅಪ್ಪನದು, ಆಯುಧಪೂಜೆಗೆ ಹೂ ಇಡಿಸಿಕೊಂಡು ಸುಮ್ಮನೆ ಮಲಗಿರುತ್ತಿದ್ದದ್ದು. ಫೋನು ಹರಿಯುವಷ್ಟು ಜೋರಾಗಿ, ಉದ್ದಕ್ಕೆ ಒಮ್ಮೆ, ಗಿಡ್ಡಕ್ಕೆ ಒಮ್ಮೆ. ಅದರ ಹಿಂದೆಯೇ ಅವಳ ದನಿ, "ರೈಟ್, ಪೋಯಿ!"

ಕೋಣೆಯಲ್ಲಿ ಎಲ್ಲರೂ ಬೊಬ್ಬೆ ಹಾಕಿದರು. ನನ್ನ ಕಣ್ಣು ತುಂಬಿ ಪರದೆ ಮಸುಕಾಯಿತು. ಆದರೂ ಕೈಗೆ ಅದರ ಕೆಲಸ ಗೊತ್ತಿತ್ತಲ್ಲ, ಎಂಟರ್ ಒತ್ತಲು ತನ್ನಷ್ಟಕ್ಕೆ ಮೇಲೆದ್ದಿತು. ಒತ್ತಬೇಕಾಗಿರಲಿಲ್ಲ. ಕಾಪುವಿನಿಂದ ಅವಳೇ ಒತ್ತಿಯಾಗಿತ್ತು.